ಪಾಪರ್ ಚೀಟಿ ಹುಡುಕ್ಕೊಂಡು ಕಾನ್ಸಾಸ್‌ನಲ್ಲಿ ಅಲೆದಿದ್ದು

ನಮ್ಮಪ್ಪ ತಿಪಟೂರಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸ್ ಎದುರುಗಡೆ ಬಾಂಡ್ ರೈಟರ್ ಆಗಿದ್ದೋರು, ಹಂಗಾಗಿ ಇಸಿ, ಅಂದ್ರೆ ಆಸ್ತಿ ಮೇಲೆ ಸಾಲಸೋಲ ಏನಿದೆ ಅಂತ ಹೇಳೋ ಋಣಭಾರ ಪತ್ರ, ತೆಗೆಸದೆ ಯಾರ ಮನೆ ಹೊಸಿಲೂ ದಾಟಬಾರದು ಅನ್ನೋದು ನನಗೆ ಮಗ್ಗಿ ಬಾಯಿಪಾಠ ಆಗೋಕೆ ಮುಂಚೇನೇ ಬಾಯಿಪಾಠ ಆಗಿತ್ತು. ಫಾರಂ 15 ಬಂದ್ರೆ ಕೂತ್ಕೊಂಡು ಓದು, ಫಾರಂ 16 ಬಂದ್ರೆ ಅದು ನಿಲ್, ಆದ್ರೂ ನಂಬಬೇಡ, ಹದಿಮೂರು ವರ್ಷದ್ದು ಸಾಲದು ಮೂವತ್ತು ವರ್ಷದ್ದು ತೆಗೆಸು, ಇದು ಅವರ ಮಂತ್ರ. ಕೊಬ್ಬರಿ ಮಂಡೀಲಿ ಯಾವ ಸಾಹುಕಾರ ಮುಳುಗಿದ, ಯಾರು ದಿವಾಳಿ ಆಗಿ ಪಾಪರ್ ಚೀಟಿ ತಗೊಂಡ, ಯಾರು ಹೆಂಡತಿ ಹೆಸರಿಗೆ ತೋಟ ಮಾಡಿ ಆಮೇಲೆ ಕೋರ್ಟಿಗೆ ಹೋದ, ಇವೆಲ್ಲ ಅಪ್ಪನಿಗೆ ಟೀ ಅಂಗಡೀಲೇ ಗೊತ್ತಾಗ್ತಿತ್ತು. ಕಾಗದ ಆಮೇಲೆ ಬರೋದು.

ಈಗ ನಾವಿರೋದು ಕಾನ್ಸಾಸ್ ರಾಜ್ಯದ ಪಶ್ಚಿಮದ ಕಡೆ ಒಂದು ಸಣ್ಣ ಕೌಂಟೀಲಿ, ಡಾಡ್ಜ್ ಸಿಟಿಯಿಂದಲೂ ಇನ್ನೂ ಆಚೆ. ಗೋಧಿ, ಜೋಳ, ದನದ ಫೀಡ್‌ಯಾರ್ಡು, ಗಾಳಿ, ಅಷ್ಟೇ. ನಮ್ಮನೆಯವಳು ಡಾಕ್ಟ್ರು, ರೆಸಿಡೆನ್ಸಿ ಮುಗಿಸಿ ಜೆ-1 ವೇವರ್ ಮೇಲೆ ಬಂದ್ಲು, ಅಂದ್ರೆ ಓದು ಮುಗಿದ ಮೇಲೆ ವಾಪಸ್ ಊರಿಗೆ ಹೋಗಬೇಕು ಅನ್ನೋ ವೀಸಾ ನಿಯಮದಿಂದ ವಿನಾಯಿತಿ. ಕಾನ್ರಾಡ್ 30 ಅಂತಾರಲ್ಲ, ಪ್ರತಿ ರಾಜ್ಯಕ್ಕೂ ವರ್ಷಕ್ಕೆ ಮೂವತ್ತು ಜನ, ಡಾಕ್ಟರ್ ಇಲ್ಲದ ಕಡೆ ಮೂರು ವರ್ಷ ಕೆಲಸ ಮಾಡಬೇಕು. ಇಂಥ ಹಳ್ಳಿಗಳಲ್ಲಿ ಒಬ್ಬ ಕನ್ನಡದೋನು ಸಿಕ್ಕಿದ್ರೆ ಹತ್ತಕ್ಕೆ ಎಂಟು ಸಲ ಇದೇ ಕಥೆ ಇರುತ್ತೆ. ನಾನು ಅವಳ ಹಿಂದೆ ಲ್ಯಾಪ್‌ಟಾಪ್ ಎತ್ಕೊಂಡು ಬಂದೋನು. ಮೂರು ವರ್ಷ ಬಾಡಿಗೆ ಮನೇಲಿದ್ವಿ, ಆಮೇಲೆ ಇಲ್ಲೇ ಇರೋಣ ಅನ್ನಿಸ್ತು, ಮಗಳು ಸ್ಕೂಲಿಗೆ ಹೊಂದ್ಕೊಂಡಿದ್ಲು.

ಮನೆ ಸಿಕ್ಕಿದ್ದು ಒಬ್ಬ ತಾತನದ್ದು. ಹೆಂಡತಿ ಹೋಗಿಬಿಟ್ಟಿದಾರೆ, ತಾತ ಕೊಲರಾಡೋದಲ್ಲಿ ಮಗಳ ಮನೆಗೆ ಹೋಗೋ ತಯಾರೀಲಿದ್ರು. ಏಜೆಂಟ್ ಇಲ್ಲ, ಹುಲ್ಲಿನ ಮೇಲೆ ಒಂದು ಬೋರ್ಡ್ ನೆಟ್ಟಿದ್ರು ಅಷ್ಟೇ. ಬ್ಯಾಂಕ್ ಗೀಂಕ್ ಬೇಡ, ನನಗೆ ತಿಂಗಳಿಗಿಷ್ಟು ಅಂತ ಕಟ್ಟು, ಪೂರ್ತಿ ತೀರಿದ ಮೇಲೆ ಡೀಡ್ ಮಾಡ್ಕೊಡ್ತೀನಿ ಅಂದ್ರು, ಇಲ್ಲಿ ಅದನ್ನ ಕಾಂಟ್ರ್ಯಾಕ್ಟ್ ಫಾರ್ ಡೀಡ್ ಅಂತಾರೆ, ನಮ್ಮ ಕಡೆ ಕರಾರು ಪತ್ರ ಇದ್ದಂಗೆ. ನನಗೂ ಹಿತವಾಗಿ ಕೇಳಿಸ್ತು. ಆದ್ರೆ ಕೋ-ಆಪ್ ಗ್ರೇನ್ ಎಲಿವೇಟರ್ ಪಕ್ಕದ ಕಾಫಿ ಜಾಗದಲ್ಲಿ ಬೆಳಗ್ಗೆ ಆರಕ್ಕೆ ಟೋಪಿ ಹಾಕ್ಕೊಂಡು ಕೂತಿರ್ತಾರಲ್ಲ ಮುದುಕ್ರು, ಅವರಲ್ಲೊಬ್ಬ ನನ್ನ ಕಡೆ ನೋಡದೇನೇ ಕಪ್ ಒಳಗೆ ಹೇಳೋ ಥರ, ಅವನು ಒಂದ್ಸಲ ಪಾಪರ್ ಆಗಿದ್ದ, ಒಂದಲ್ಲ ಎರಡು ಸಲ ಇರಬೇಕು, ನೋಡ್ಕೋ ಮತ್ತೆ ಅಂದ. ತಿಪಟೂರಿನ ಟೀ ಅಂಗಡಿ ಏಳು ಸಮುದ್ರ ದಾಟಿ ಬಂದಿತ್ತು.

ಮೊದಲು ನಾನು ಮಾಡಿದ್ದೇ ದಡ್ಡ ಕೆಲಸ. ರಾತ್ರಿ ಹನ್ನೊಂದಕ್ಕೆ ಗೂಗಲ್ ಮಾಡಿದ್ರೆ ಕೌಂಟಿ ಹೆಸರು ಹಾಕಿದ ಕೂಡ್ಲೇ ಎಂಟು ಹತ್ತು ಸೈಟ್ ಬಂದ್ವು, ಎಲ್ಲದರಲ್ಲೂ ನಮ್ಮ ಕೌಂಟಿ ಹೆಸರಿದೆ, ಹದ್ದಿನ ಚಿತ್ರ, ಬಾವುಟದ ಚಿತ್ರ, ನೋಡಿದ್ರೆ ಸರ್ಕಾರದ್ದೇ ಅನ್ನಿಸಬೇಕು. ಒಂದರಲ್ಲಿ ಹೆಸರು ಹಾಕಿದೆ, ಹುಡುಕ್ತಾ ಇದೀವಿ ಹುಡುಕ್ತಾ ಇದೀವಿ ಅಂತ ಒಂದು ಪಟ್ಟಿ ಓಡ್ತಾನೇ ಇತ್ತು, ಐದು ನಿಮಿಷ ಆದ ಮೇಲೆ ರೆಕಾರ್ಡ್ ಸಿಕ್ಕಿರಬಹುದು, ನೋಡೋಕೆ ಕಾರ್ಡ್ ನಂಬರ್ ಕೊಡಿ ಅಂತು. ಕೊಟ್ಟೆ. ಬಂದಿದ್ದೇನು ಅಂದ್ರೆ ತಾತನ ವಯಸ್ಸು, ಹಳೇ ಅಡ್ರೆಸ್ಸು, ಮತ್ತೆ ಕೊನೇಲಿ ಒಂದು ಸಾಲು, ಕೋರ್ಟ್ ದಾಖಲೆಗಾಗಿ ಸಂಬಂಧಪಟ್ಟ ಕೋರ್ಟನ್ನ ಸಂಪರ್ಕಿಸಿ ಅಂತ. ಮುಂದಿನ ತಿಂಗಳು ಮತ್ತೆ ದುಡ್ಡು ಕಟ್ ಆಯ್ತು, ಅದನ್ನ ನಿಲ್ಲಿಸೋಕೆ ಕಾರ್ಡೇ ಬದಲಾಯಿಸಬೇಕಾಯ್ತು. ಈ ಸೈಟುಗಳ ಬಗ್ಗೆ ಇಷ್ಟು ಸಾಕು, ಡಾಟ್ ಗವ್ ಅಂತ ಕೊನೇಲಿ ಇಲ್ಲ ಅಂದ್ರೆ ಕಾರ್ಡ್ ಜೇಬಲ್ಲೇ ಇರ್ಲಿ.

ಮಾರನೇ ದಿನ ಕೌಂಟಿ ಕೋರ್ಟ್‌ಹೌಸಿಗೆ ಹೋದೆ. ಊರ ಮಧ್ಯೆ ಕಲ್ಲಿನ ಕಟ್ಟಡ, ಮುಂದೆ ಯುದ್ಧದಲ್ಲಿ ಸತ್ತೋರ ಹೆಸರಿನ ಕಲ್ಲು, ಒಳಗೆ ಮೇಣ ಹಾಕಿ ಒರೆಸಿದ ನೆಲದ ವಾಸನೆ. ಮೊದಲು ಡಿಸ್ಟ್ರಿಕ್ಟ್ ಕೋರ್ಟ್ ಕ್ಲರ್ಕ್ ಕಿಟಕಿ. ಡಿಸ್ಟ್ರಿಕ್ಟ್ ಕೋರ್ಟ್ ಅಂದ ಮೇಲೆ ಎಲ್ಲಾ ಇಲ್ಲೇ ಇರುತ್ತೆ ಅಂದ್ಕೊಂಡು, ಇಂಥೋರ ಬ್ಯಾಂಕ್ರಪ್ಟ್ಸಿ ಫೈಲ್ ನೋಡಬೇಕು ಅಂದೆ. ಆಯಮ್ಮ ಕನ್ನಡಕ ಮೂಗಿನ ತುದಿಗೆ ಇಳಿಸಿ, 'ಹನೀ, ಅದು ನಮ್ಮಲ್ಲಿ ಯಾವತ್ತೂ ಇರ್ಲಿಲ್ಲ' ಅಂದ್ರು. ಇದು ರಾಜ್ಯದ ಕೋರ್ಟು. ವಿಚ್ಛೇದನ, ಕಳ್ಳತನ, ವಿಲ್, ಸಾಲ ವಸೂಲಿ ಕೇಸು, ಇವೆಲ್ಲ ಇಲ್ಲಿ. ದಿವಾಳಿ ಮಾತ್ರ ಫೆಡರಲ್, ಅಂದ್ರೆ ದೆಹಲಿ ಲೆಕ್ಕ ಅನ್ನಿ. ಅಮೆರಿಕದ ಸಂವಿಧಾನ ಬರೆದಾಗಲೇ ದಿವಾಳಿ ಕಾನೂನು ದೇಶಕ್ಕೆಲ್ಲ ಒಂದೇ ಇರಬೇಕು, ಅದನ್ನ ಕಾಂಗ್ರೆಸ್ಸೇ ಮಾಡಬೇಕು ಅಂತ ಮೊದಲನೇ ಆರ್ಟಿಕಲ್‌ನಲ್ಲೇ ಇಟ್ಟುಬಿಟ್ಟಿದಾರೆ. ಕಾನ್ಸಾಸ್‌ನಲ್ಲಿ 105 ಕೌಂಟಿ ಇದಾವೆ, ಆದ್ರೆ ಬ್ಯಾಂಕ್ರಪ್ಟ್ಸಿ ಕೋರ್ಟಿನ ಆಫೀಸು ಮೂರೇ ಊರಲ್ಲಿ, ವಿಚಿಟಾ, ಟೊಪೀಕಾ, ಕಾನ್ಸಾಸ್ ಸಿಟಿ. ನಮ್ಮ ಕಡೆಯೋರು ಪಾಪರ್ ಆಗಬೇಕು ಅಂದ್ರೆ ಅವರ ಕಾಗದ ವಿಚಿಟಾಕ್ಕೆ ಹೋಗುತ್ತೆ. ನಮ್ಮೂರಿಂದ ಮೂರು ಗಂಟೆ ದಾರಿ. ಅಂದ್ರೆ ಊರೋರಿಗೆಲ್ಲ ಗೊತ್ತಿರೋ ವಿಷಯದ ಕಾಗದ ಊರಲ್ಲೇ ಇಲ್ಲ.

ಆದ್ರೆ ಆಯಮ್ಮ ಒಂದು ಒಳ್ಳೇದು ಮಾಡಿದ್ರು, ಇಷ್ಟು ದೂರ ಬಂದಿದೀಯ, ಕೆಳಗೆ ರಿಜಿಸ್ಟರ್ ಆಫ್ ಡೀಡ್ಸ್ ಹತ್ರ ಹೋಗಿ ಹೆಸರು ನೋಡಿಸು, ಒಂದೊಂದ್ಸಲ ಅಲ್ಲಿ ನೋಟಿಸ್ ಬಿದ್ದಿರುತ್ತೆ ಅಂದ್ರು. ರಿಜಿಸ್ಟರ್ ಆಫ್ ಡೀಡ್ಸ್ ಅಂದ್ರೆ ನಮ್ಮ ಸಬ್ ರಿಜಿಸ್ಟ್ರಾರೇ, ಏನೂ ವ್ಯತ್ಯಾಸ ಇಲ್ಲ, ಕೈಬರಹದ ಇಂಡೆಕ್ಸ್ ಪುಸ್ತಕಗಳು ಒಂದೊಂದೂ ನಮ್ಮಜ್ಜಿಯ ಒರಳುಕಲ್ಲಿನಷ್ಟು ಭಾರ, ಕಬ್ಬಿಣದ ರೋಲರ್ ಮೇಲೆ ಮಲಗಿಸಿಟ್ಟಿರ್ತಾರೆ. ಕೊಟ್ಟೋರ ಹೆಸರಿಗೊಂದು ಇಂಡೆಕ್ಸು, ತಗೊಂಡೋರ ಹೆಸರಿಗೊಂದು. ಅಲ್ಲಿದ್ದ ಹುಡುಗಿ ಅರ್ಧ ಗಂಟೆ ನನ್ನ ಜೊತೆ ನಿಂತು ಹುಡುಕಿದ್ಲು. ಸಿಕ್ಕಿದ್ದು ಮೂರು ಕಾಗದ. 1987ರ ಒಂದು ನೋಟಿಸು, ತಾತ ದಿವಾಳಿ ಕಾನೂನಿನ ಚಾಪ್ಟರ್ 12ರಲ್ಲಿ ಅರ್ಜಿ ಹಾಕಿದಾರೆ ಅಂತ. 2006ರಲ್ಲಿ ಮನೆ ಮೇಲೆ ಎರಡನೇ ಮಾರ್ಟ್‌ಗೇಜು, ಅಂದ್ರೆ ಅಡಮಾನ. ಮೊದಲನೇ ಮಾರ್ಟ್‌ಗೇಜ್ ತೀರಿದ್ದಕ್ಕೆ ರಿಲೀಸು. ಎರಡನೇದಕ್ಕೆ ರಿಲೀಸ್ ಇಲ್ಲ. ಆವತ್ತು ನಾನು ಇದನ್ನ ನೋಡಿ ನೋಡದಂಗೆ ಮುಂದೆ ಹೋದೆ, ನೋಟಿಸಿನ ಮೇಲೇ ಕಣ್ಣಿತ್ತು.

ಈ ನೋಟಿಸ್ ಯಾಕೆ ಅಲ್ಲಿತ್ತು ಅಂತ ಆಮೇಲೆ ಓದಿ ತಿಳ್ಕೊಂಡೆ. ದಿವಾಳಿ ಅರ್ಜಿ ಹಾಕಿದ ಮೇಲೆ ಆಸಾಮಿ ಗುಟ್ಟಾಗಿ ಜಮೀನು ಮಾರಿಬಿಟ್ರೆ, ಏನೂ ಗೊತ್ತಿಲ್ಲದೆ ಸರಿಯಾದ ಬೆಲೆ ಕೊಟ್ಟು ತಗೊಂಡೋನಿಗೆ ಕಾನೂನಲ್ಲಿ ಒಂದು ರಕ್ಷಣೆ ಇದೆ, ಆದ್ರೆ ಜಮೀನಿರೋ ಕೌಂಟೀಲಿ ಅರ್ಜಿಯ ನೋಟಿಸ್ ದಾಖಲಾಗಿದ್ರೆ ಆ ರಕ್ಷಣೆ ಸಿಗಲ್ಲ. ಹಂಗಾಗಿ ಹುಷಾರಾಗಿರೋ ವಕೀಲ್ರು ಒಂದು ಕಾಪಿ ಕೌಂಟೀಲಿ ಹಾಕ್ತಾರೆ. ಎಲ್ಲರೂ ಹಾಕಲ್ಲ. ಸಿಕ್ಕಿದ್ರೆ ಸಿಕ್ತು, ಸಿಗ್ಲಿಲ್ಲ ಅಂದ್ರೆ ಆತ ಪಾಪರ್ ಆಗಿಲ್ಲ ಅಂತೇನೂ ಅರ್ಥ ಅಲ್ಲ.

ಚಾಪ್ಟರ್ 12 ಅನ್ನೋದು ರೈತರಿಗೇ ಅಂತ ಮಾಡಿದ್ದು. ಎಂಬತ್ತರ ದಶಕದಲ್ಲಿ ಈ ಕಡೆ ಬಡ್ಡಿ ಏರಿ, ಜಮೀನಿನ ಬೆಲೆ ಬಿದ್ದು, ತಲೆಮಾರುಗಳಿಂದ ಇದ್ದ ಹೊಲಗಳು ಹರಾಜಾದ್ವು, 1986ರ ಕೊನೇಲಿ ಈ ಚಾಪ್ಟರ್ ತಂದ್ರು, ಮೊದಲು ತಾತ್ಕಾಲಿಕ ಅಂತಿದ್ದು 2005ರಲ್ಲಿ ಕಾಯಂ ಆಯ್ತು. ತಾತ ಅದು ಬಂದ ಮೊದಲನೇ ವರ್ಷದಲ್ಲೇ ಹಾಕಿದಾರೆ ಅಂದ್ರೆ ಎಷ್ಟು ದಿನದಿಂದ ಉಸಿರು ಹಿಡ್ಕೊಂಡು ಕಾದಿದ್ರೋ ಏನೋ.

ಸಂಜೆ ಅಪ್ಪಂಗೆ ವಾಟ್ಸಪ್ ಕಾಲ್ ಮಾಡಿ ಎಲ್ಲಾ ಹೇಳಿದೆ. 'ಅಲ್ಲ ಕಣೋ, ಪಾಪರ್ ಚೀಟಿಗೆ ಅಲ್ಲಿ ಮೂರು ಗಂಟೆ ಕಾರಲ್ಲಿ ಹೋಗ್ಬೇಕಾ? ನಮ್ಮಲ್ಲಿ ಕೋರ್ಟಿನ ಅಮೀನನ್ನ ಕೇಳಿದ್ರೆ ಸಾಕಿತ್ತಲ್ಲೋ' ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, 'ಆ ಯಪ್ಪನ್ನೇ ಕೇಳಬಾರದಾ?' ಅಂದ್ರು. ಕೇಳಬಹುದಿತ್ತು. ಬಾಯಿ ಬರ್ಲಿಲ್ಲ, ಹೆಂಡತಿ ತೀರ್ಕೊಂಡು ಎರಡು ವರ್ಷ ಆಗಿರೋ ಮನುಷ್ಯನ ಎದುರು ಕೂತು ನೀವು ದಿವಾಳಿ ಆಗಿದ್ರಂತೆ ಹೌದಾ ಅಂತ ಹೆಂಗೆ ಕೇಳ್ತೀರ.

ಮೊದಲು ಫೋನಲ್ಲಿ ನೋಡಿದೆ. ಬ್ಯಾಂಕ್ರಪ್ಟ್ಸಿ ಕೋರ್ಟುಗಳಿಗೆ ಒಂದು ಟೋಲ್ ಫ್ರೀ ನಂಬರ್ ಇದೆ, ವಾಯ್ಸ್ ಕೇಸ್ ಇನ್ಫರ್ಮೇಷನ್ ಅಂತ, ಹಗಲು ರಾತ್ರಿ ಮಿಷನ್ನೇ ಮಾತಾಡೋದು, ದುಡ್ಡಿಲ್ಲ. ರಾಜ್ಯ ಹೇಳಬೇಕು, ಆಮೇಲೆ ಹೆಸರು. ನನ್ನ ಇಂಗ್ಲಿಷಿಗೆ ಕಾನ್ಸಾಸ್ ಅಂದ್ರೆ ಅದಕ್ಕೆ ಆರ್ಕನ್ಸಾ ಅಂತ ಕೇಳ್ತು, ನಾಲ್ಕನೇ ಸಲ ನಮ್ಮನೆಯವಳು ಅಡುಗೆಮನೆಯಿಂದ 'ರೀ, ಕೀಪ್ಯಾಡ್ ಒತ್ರೀ, ಅದಕ್ಯಾಕೆ ಬೈತೀರ' ಅಂದ್ಲು. ಒತ್ತಿದೆ. 2011ರ ಕೇಸು, ಚಾಪ್ಟರ್ 7, ಅಂದ್ರೆ ಇರೋ ಆಸ್ತಿ ಹಂಚಿ ಸಾಲ ಮುಗಿಸೋ ಮಾಮೂಲಿ ದಿವಾಳಿ, ಡಿಸ್ಚಾರ್ಜ್ ಆಗಿದೆ, ಅಂದ್ರೆ ಸಾಲದಿಂದ ಬಿಡುಗಡೆ, ಕ್ಲೋಸ್ ಆಗಿದೆ, ಕೇಸ್ ನಂಬರ್ ಇಂತಿಂಥದ್ದು ಅಂತ ಹೇಳ್ತು. ಪುಕ್ಕಟೆ ಇಷ್ಟು ಸಿಗುತ್ತೆ ಅಂತ ಗೊತ್ತಿದ್ದಿದ್ರೆ ಆ ಹದ್ದಿನ ಚಿತ್ರದೋನಿಗೆ ಒಂದು ಪೈಸೆ ಕೊಡ್ತಿರ್ಲಿಲ್ಲ.

ಪೂರ್ತಿ ಕಾಗದ ಬೇಕು ಅಂದ್ರೆ ಪೇಸರ್. ಫೆಡರಲ್ ಕೋರ್ಟುಗಳದ್ದೇ ಸೈಟು. ಯಾರು ಬೇಕಾದ್ರೂ ಅಕೌಂಟ್ ಮಾಡ್ಕೋಬಹುದು, ಸಿಟಿಜನ್ ಆಗಿರಬೇಕಿಲ್ಲ ವಕೀಲ ಆಗಿರಬೇಕಿಲ್ಲ, ಯಾಕೆ ಬೇಕು ಅಂತಲೂ ಕೇಳಲ್ಲ. ಕ್ರೆಡಿಟ್ ಕಾರ್ಡ್ ಕೊಟ್ರೆ ತಕ್ಷಣ ಶುರು, ಇಲ್ಲಾಂದ್ರೆ ಪೋಸ್ಟಲ್ಲಿ ಕೋಡ್ ಬರೋವರೆಗೂ ಕಾಯಬೇಕು. ಒಂದು ಪೇಜಿಗೆ 10 ಸೆಂಟು, ಒಂದು ಡಾಕ್ಯುಮೆಂಟ್ ಎಷ್ಟೇ ಉದ್ದ ಇದ್ರೂ 3 ಡಾಲರ್‌ಗಿಂತ ಜಾಸ್ತಿ ಹಾಕಲ್ಲ, ಮತ್ತೆ ಮೂರು ತಿಂಗಳ ಕ್ವಾರ್ಟರ್‌ನಲ್ಲಿ 30 ಡಾಲರ್ ದಾಟಲಿಲ್ಲ ಅಂದ್ರೆ ಪೂರ್ತಿ ಮಾಫಿ. ಈ ಹತ್ತು ಸೆಂಟಿನ ಮೇಲೆ ದೊಡ್ಡ ಜಗಳಾನೇ ನಡೆದಿದೆ, ಸರ್ವರ್ ನಡೆಸೋಕೆ ಬೇಕಾಗಿದ್ದಕ್ಕಿಂತ ಜಾಸ್ತಿ ವಸೂಲಿ ಮಾಡಿದೀರ ಅಂತ 2016ರಲ್ಲಿ ಕೇಸ್ ಹಾಕಿದ್ರು, 2024ರ ಮಾರ್ಚ್‌ನಲ್ಲಿ 12.5 ಕೋಟಿ ಡಾಲರ್ ಸೆಟಲ್‌ಮೆಂಟಿಗೆ ಕೋರ್ಟ್ ಒಪ್ಪಿಗೆ ಕೊಡ್ತು. ನನಗೆ ತೊಂದರೆ ಆಗಿದ್ದು ದುಡ್ಡಿಂದಲ್ಲ, ಪ್ರತಿ ಕ್ಲಿಕ್ಕಿಗೂ ಕೆಳಗಡೆ ರಶೀದಿ ಬರುತ್ತಲ್ಲ, ಆಟೋ ಮೀಟರ್ ಓಡ್ತಿದ್ದಂಗೆ ಎದೆ ಹೊಡ್ಕೊಳ್ಳುತ್ತೆ.

ನೀವು ಹುಡುಕೋ ಹಾಗಿದ್ರೆ ಕೇಸ್ ಲೊಕೇಟರ್ ಅಂತ ಇದೆ ಅಲ್ಲಿಂದ ಶುರು ಮಾಡಿ, ದೇಶದ ಎಲ್ಲಾ ಫೆಡರಲ್ ಕೋರ್ಟಿನ ಇಂಡೆಕ್ಸ್ ಒಂದೇ ಕಡೆ ಇರುತ್ತೆ, ಬ್ಯಾಂಕ್ರಪ್ಟ್ಸಿ ಅಂತ ಆರಿಸಿ ರಾಜ್ಯ ಹಾಕಿ. ಹೆಸರು ಪೂರ್ತಿ ಹಾಕಬೇಡಿ, ಮಿಡಲ್ ನೇಮ್ ಒಬ್ಬ ವಕೀಲ ಅಕ್ಷರ ಮಾತ್ರ ಬರೆದಿರ್ತಾನೆ ಇನ್ನೊಬ್ಬ ಬಿಟ್ಟೇಬಿಟ್ಟಿರ್ತಾನೆ. ಏನೂ ಸಿಗ್ಲಿಲ್ಲ ಅಂದ್ರೂ ಆ ಹುಡುಕಾಟದ ಪೇಜಿಗೆ ದುಡ್ಡು ಬೀಳುತ್ತೆ. ನಾನು ಮೊದಲು ತೆಗೆದದ್ದು ತಾತನದ್ದಲ್ಲ, ಮಗನದ್ದು! ಅಪ್ಪ ಮಗ ಇಬ್ಬರಿಗೂ ಅದೇ ಹೆಸರು, ಸೀನಿಯರ್ ಜೂನಿಯರ್. ಇಲ್ಲಿ ಹಳ್ಳಿಗಳಲ್ಲಿ ಇದು ನಮ್ಮ ತಾತನ ಹೆಸರು ಮೊಮ್ಮಗನಿಗೆ ಇಟ್ಟಂಗೆ ಮಾಮೂಲಿ, ಆದ್ರೆ ಕೋರ್ಟ್ ಫೈಲ್ ಹುಡುಕೋನಿಗೆ ಪ್ರಾಣ ಸಂಕಟ. ಗೊತ್ತಾಗಿದ್ದು ಹೆಂಗೆ ಅಂದ್ರೆ ಡಾಕೆಟ್, ಅಂದ್ರೆ ಕೇಸಿನ ದಿನಚರಿ, ಅದರ ತಲೆಯಲ್ಲಿ ಅಡ್ರೆಸ್ಸು, ಕೌಂಟಿ ಹೆಸರು, ಸೋಶಿಯಲ್ ಸೆಕ್ಯುರಿಟಿ ನಂಬರಿನ ಕೊನೇ ನಾಲ್ಕು ಅಂಕಿ ಇರುತ್ತೆ, ಅಡ್ರೆಸ್ ಬೇರೆ ಊರಿಂದು. ಮುಚ್ಚಿಬಿಟ್ಟೆ. ಆ ಮಗನ ವಿಷಯ ನನಗೆ ಸಂಬಂಧವೇ ಇಲ್ಲ, ಆದ್ರೂ ಈಗ ಗೊತ್ತು, ಏನು ಮಾಡೋಕಾಗುತ್ತೆ.

ಸರಿಯಾದ ಡಾಕೆಟ್ ನಾಲ್ಕು ಪೇಜು. ಯಾವ ದಿನ ಯಾವ ಕಾಗದ ಬಂತು ಅಂತ ನಂಬರ್ ಹಾಕಿ ಬರೆದಿರ್ತಾರೆ. ಅರ್ಜಿ, ದಿವಾಳಿ ಆದೋನ ಆಸ್ತಿ ನೋಡ್ಕೊಳೋ ಟ್ರಸ್ಟಿ ನೇಮಕ, ಸಾಲ ಕೊಟ್ಟೋರ ಮೀಟಿಂಗು, ಹಂಚೋಕೆ ಏನೂ ಆಸ್ತಿ ಇಲ್ಲ ಅಂತ ಟ್ರಸ್ಟಿ ರಿಪೋರ್ಟು, ಪಿಕಪ್ ಟ್ರಕ್ಕಿನ ಸಾಲ ಮಾತ್ರ ನಾನು ತೀರಿಸ್ತೀನಿ ಅಂತ ತಾತ ಬರೆದುಕೊಟ್ಟಿದ್ದು, ನಾಲ್ಕು ತಿಂಗಳಿಗೆ ಡಿಸ್ಚಾರ್ಜ್. ಇಷ್ಟೇ ನೋಡಿ ನಿಲ್ಲಿಸಬೇಕಿತ್ತು ನಾನು. ಮನೆ ತಗೊಳೋನಿಗೆ ಬೇಕಾಗಿದ್ದು ಕೇಸ್ ಮುಗಿದಿದೆಯಾ ಇಲ್ವಾ, ಮನೆ ಟ್ರಸ್ಟಿ ಕೈಲಿದೆಯಾ ಇವರ ಕೈಲಿದೆಯಾ, ಅಷ್ಟೇ. ಆದ್ರೆ ಒಂದನೇ ನಂಬರಿನ ಅರ್ಜಿ ಮೇಲೆ ನೀಲಿ ಲಿಂಕ್ ಇತ್ತು, 46 ಪೇಜ್, 3 ಡಾಲರ್.

ಪಾಪರ್ ಅರ್ಜಿ ಅಂದ್ರೆ ಏನು ಅಂತ ನನಗೆ ಆವರೆಗೂ ಗೊತ್ತಿರ್ಲಿಲ್ಲ. ಮನೇಲಿರೋದನ್ನೆಲ್ಲ ಬರೀಬೇಕು, ಸುಳ್ಳು ಹೇಳಿದ್ರೆ ಜೈಲು ಅಂತ ಪ್ರಮಾಣ ಮಾಡಿ. ಶೆಡ್ಯೂಲ್ ಬಿ ಅಂತ. ಸೋಫಾ ಒಂದು, ಡೈನಿಂಗ್ ಟೇಬಲ್ ಒಂದು ಕುರ್ಚಿ ನಾಲ್ಕು, ಟಿವಿ, ಹೆಂಡತಿಯ ಮದುವೆ ಉಂಗುರ, ಶಾಟ್‌ಗನ್ ಎರಡು, ಮೀನು ಹಿಡಿಯೋ ಸಾಮಾನು, ಬಟ್ಟೆಬರೆ, ಮುದಿ ನಾಯಿ ಒಂದು ಬೆಲೆ ಸೊನ್ನೆ, ಕೂತ್ಕೊಂಡು ಹುಲ್ಲು ಕತ್ತರಿಸೋ ರೈಡಿಂಗ್ ಮೋವರ್ ಸೀಟ್ ಹರಿದದ್ದು 150 ಡಾಲರ್. ನಾಯಿ ಸಾಲಿನ ಮೇಲೆ ನನ್ನ ಕಣ್ಣು ಸುಮಾರು ಹೊತ್ತು ನಿಂತಿತ್ತು. ಆಮೇಲೆ ತಿಂಗಳ ಖರ್ಚಿನ ಪಟ್ಟಿ, ಚರ್ಚಿಗೆ 40, ಔಷಧಿಗೆ ಇಷ್ಟು. ಆಮೇಲೆ ಶೆಡ್ಯೂಲ್ ಎಫ್, ಅಡಮಾನ ಇಲ್ಲದ ಸಾಲಗಳು, ಒಂಬತ್ತು ಪೇಜು, ಅದರಲ್ಲಿ ಏಳು ಪೇಜು ಬರೀ ಆಸ್ಪತ್ರೆ. ಲ್ಯಾಬು, ಅನಸ್ತೇಷಿಯಾ, ಆಂಬುಲೆನ್ಸು, ಡೆನ್ವರ್‌ನ ಯಾವುದೋ ರೇಡಿಯೇಷನ್ ಸೆಂಟ್ರು. ಐದನೇ ಪೇಜಲ್ಲಿ ನಮ್ಮೂರ ಆಸ್ಪತ್ರೆ. ನಮ್ಮನೆಯವಳು ಕೆಲಸ ಮಾಡೋ ಆಸ್ಪತ್ರೆ.

ಅವಳನ್ನ ಕರೆದು ತೋರಿಸ್ಬೇಕಾ ಬೇಡ್ವಾ ಅಂತ ಯೋಚಿಸ್ತಿರೋವಾಗ್ಲೇ ಹಿಂದೆ ಬಂದು ನಿಂತಿದ್ಲು. ಅವಳು ಓದಿದ್ದು ಮೊತ್ತ ಅಲ್ಲ, ತಾರೀಕುಗಳನ್ನ. ಯಾವ ತಿಂಗಳು ಸ್ಕ್ಯಾನು, ಯಾವ ತಿಂಗಳು ರೇಡಿಯೇಷನ್ನು, ಎಷ್ಟು ತಡ. 'ಆಯಮ್ಮ ಆವಾಗಿಂದ ಬದುಕಿ ಇತ್ತೀಚೆಗೆ ಹೋದ್ರಾ ಹಂಗಾದ್ರೆ' ಅಂದ್ಲು. ಹೂಂ ಅಂದೆ. 'ಮುಚ್ಚಿ ಅದನ್ನ, ಬೇರೆಯೋರ ರಿಪೋರ್ಟ್ ಓದಿದಂಗಾಗುತ್ತೆ' ಅಂತ ಹೋಗಿ ಸಾರಿಗೆ ಒಗ್ಗರಣೆ ಹಾಕಿದ್ಲು, ಆ ಮಾತು ಸರಿನೇ. ಕಾನೂನು ಸೋಶಿಯಲ್ ನಂಬರ್, ಅಕೌಂಟ್ ನಂಬರ್, ಮಕ್ಕಳ ಪೂರ್ತಿ ಹೆಸರು ಇವನ್ನ ಮುಚ್ಚಿಸುತ್ತೆ. ನಾಯಿ ಮುದಿಯಾಗಿತ್ತು ಅನ್ನೋದನ್ನ ಮುಚ್ಚಿಸಲ್ಲ.

ಇನ್ನೊಂದು ವಿಷಯ. ರೀಕ್ಯಾಪ್ ಅಂತ ಒಂದು ಬ್ರೌಸರ್ ಎಕ್ಸ್‌ಟೆನ್ಷನ್ ಇದೆ, ಪೇಸರ್‌ನಲ್ಲಿ ನೀವು ದುಡ್ಡು ಕೊಟ್ಟು ತೆಗೆದ ಕಾಗದ ತಾನಾಗೇ ಒಂದು ಫ್ರೀ ಸಂಗ್ರಹಕ್ಕೆ ಹೋಗುತ್ತೆ, ಮುಂದಿನೋನಿಗೆ ಪುಕ್ಕಟೆ ಸಿಗುತ್ತೆ. ಬಹಳ ಒಳ್ಳೇ ಕೆಲಸ ಅದು, ದೊಡ್ಡ ಕಂಪನಿ ದಿವಾಳಿ ಕೇಸ್ ಓದಬೇಕು ಅಂದ್ರೆ ನಾನೇ ಅದನ್ನ ಹಾಕ್ಕೊಳಿ ಅಂತೀನಿ. ತಾತನ ಕೇಸ್ ಅಲ್ಲಿ ಇರ್ಲಿಲ್ಲ, ಯಾರು ದುಡ್ಡು ಕೊಟ್ಟು ನೋಡ್ತಾರೆ ಗೋಧಿ ಹೊಲದ ಮುದುಕನ ಲೆಕ್ಕ. ನಾನು ಅರ್ಜಿ ತೆಗೆಯೋಕೆ ಮುಂಚೆ ಎಕ್ಸ್‌ಟೆನ್ಷನ್ ಆಫ್ ಮಾಡಿದ್ದೆ. ಪಬ್ಲಿಕ್ ರೆಕಾರ್ಡೇ ಹೌದು, ಆದ್ರೆ ಅದನ್ನ ಎತ್ತಿ ಬೀದೀಲಿಡೋನು ನಾನಾಗೋದು ಬೇಡ ಅನ್ನಿಸ್ತು. ಹಾಳಾದ್ದು ಸೇವ್ ಮಾಡೋದು ಮರೆತು ಟ್ಯಾಬ್ ಮುಚ್ಚಿ ಎರಡನೇ ಸಲ ತೆಗೆದ್ರೆ ಮತ್ತೆ 3 ಡಾಲರ್. ಒಂದ್ಸಲ ತೆಗೆದಿದ್ದು ಎರಡನೇ ಸಲಕ್ಕೆ ಫ್ರೀ ಇಲ್ಲ. ಒಟ್ಟು ಲೆಕ್ಕ 7 ಡಾಲರ್ 10 ಸೆಂಟ್ ಆಯ್ತು, ಮೂವತ್ತರ ಒಳಗಿದ್ದಿದ್ರಿಂದ ಬಿಲ್ಲೇ ಬರ್ಲಿಲ್ಲ.

ಎರಡನೇ ಸಲ ತೆಗೆದಿದ್ದು ಒಳ್ಳೇದೇ ಆಯ್ತು, ಯಾಕಂದ್ರೆ ಆವಾಗ ಶೆಡ್ಯೂಲ್ ಡಿ ಕಣ್ಣಿಗೆ ಬಿತ್ತು, ಅಡಮಾನ ಇರೋ ಸಾಲಗಳು. ಅಲ್ಲಿ 2006ರ ಎರಡನೇ ಮಾರ್ಟ್‌ಗೇಜು. ಕೌಂಟಿ ಪುಸ್ತಕದಲ್ಲಿ ರಿಲೀಸ್ ಇಲ್ದೆ ನಿಂತಿತ್ತಲ್ಲ, ಅದೇ. ಈಗ ಎರಡೂ ಕಾಗದ ಪಕ್ಕಪಕ್ಕ ಇಟ್ಕೊಂಡ್ರೆ ಅರ್ಥ ಆಯ್ತು. ತಾತ ಏನು ನಂಬಿದಾರೆ ಅಂದ್ರೆ 2011ರಲ್ಲಿ ಕೋರ್ಟು ಎಲ್ಲಾ ಸಾಲ ತೊಳೆದುಬಿಡ್ತು ಅಂತ. ತೊಳೆಯೋದು ಮನುಷ್ಯನ ಮೇಲಿರೋ ಸಾಲವನ್ನ. ಇನ್ಮೇಲೆ ಬ್ಯಾಂಕಿನೋನು ಫೋನ್ ಮಾಡಂಗಿಲ್ಲ, ಕೇಸ್ ಹಾಕಂಗಿಲ್ಲ. ಆದ್ರೆ ಮನೆ ಮೇಲೆ ಕೂತಿರೋ ಅಡಮಾನ ಕೂತೇ ಇರುತ್ತೆ, ಕೋರ್ಟು ಬೇರೆಯಾಗಿ ಆರ್ಡರ್ ಮಾಡಿ ಎಬ್ಬಿಸದಿದ್ರೆ ಅದು ಏಳಲ್ಲ. ಕಾನ್ಸಾಸ್‌ನಲ್ಲಿ ವಾಸದ ಮನೆಗೆ ಭಾರೀ ರಕ್ಷಣೆ ಇದೆ, ಊರೊಳಗೆ ಒಂದು ಎಕರೆ, ಹೊರಗಡೆ 160 ಎಕರೆ ತನಕ, ಬೆಲೆ ಎಷ್ಟೇ ಇರ್ಲಿ ಸಾಮಾನ್ಯ ಸಾಲ ಕೊಟ್ಟೋನು ಮುಟ್ಟಂಗಿಲ್ಲ ಅಂತ ರಾಜ್ಯದ ಸಂವಿಧಾನದಲ್ಲೇ ಬರೆದಿದಾರೆ, ಆದ್ರೆ ನೀವೇ ಸಹಿ ಹಾಕಿ ಮನೆ ಅಡ ಇಟ್ರೆ ಅದಕ್ಕೆ ಈ ರಕ್ಷಣೆ ನಡೆಯಲ್ಲ. ನಾನು ಕಾಂಟ್ರ್ಯಾಕ್ಟ್ ಫಾರ್ ಡೀಡ್ ಮಾಡ್ಕೊಂಡು ಹತ್ತು ವರ್ಷ ಕಂತು ಕಟ್ಟಿದ್ರೆ ಕೊನೇಲಿ ಆ ಅಡಮಾನನೂ ಮನೆ ಜೊತೆ ನನ್ನ ತಲೆ ಮೇಲೆ ಬರ್ತಿತ್ತು. ಪೇಸರ್ ಒಂದನ್ನೇ ನೋಡಿದ್ರೆ ಡಿಸ್ಚಾರ್ಜ್ ಆಗಿದೆ ಸರಿ ಅಂತಿದ್ದೆ, ಕೌಂಟಿ ಪುಸ್ತಕ ಒಂದನ್ನೇ ನೋಡಿದ್ರೆ ಹಳೇ ಮಾರ್ಟ್‌ಗೇಜ್ ಯಾವಾಗ್ಲೋ ತೀರಿರುತ್ತೆ ರಿಲೀಸ್ ಹಾಕಿಸೋದು ಮರೆತಿದಾರೆ ಅಂತಿದ್ದೆ.

ಕಾಂಟ್ರ್ಯಾಕ್ಟ್ ಬೇಡ, ನಾನು ಬ್ಯಾಂಕ್ ಲೋನ್ ತಗೊಂಡು ಪೂರ್ತಿ ಕೊಡ್ತೀನಿ, ಆಸ್ತಿ ಕಾಗದ ಎಲ್ಲಾ ಪರಿಶೀಲಿಸೋ ಟೈಟಲ್ ಕಂಪನಿ ಮೂಲಕ ಮಾಡೋಣ ಅಂತ ತಾತನಿಗೆ ಹೇಳಿದೆ. ಕಾರಣ ಹೇಳ್ಲಿಲ್ಲ. ಟೈಟಲ್ ಕಂಪನಿಯಮ್ಮ ಎರಡೇ ದಿನದಲ್ಲಿ ಅದೇ ಮಾರ್ಟ್‌ಗೇಜ್ ಎತ್ತಿ ಹಿಡಿದ್ರು, ಇದು ಅವರ ಕೆಲಸ ತಾನೇ, ನಾನು ಹದಿನೈದು ದಿನ ಒದ್ದಾಡಿದ್ದು. ಜೊತೆಗೆ ಡಿಸ್ಚಾರ್ಜ್ ಆರ್ಡರ್‌ದು ಕೋರ್ಟ್ ಸೀಲ್ ಇರೋ ಕಾಪಿ ಒಂದಿದ್ರೆ ಹಳೇ ಆಸ್ಪತ್ರೆ ಬಾಕಿ ಕೇಸೊಂದನ್ನ ಪಟ್ಟಿಯಿಂದ ತೆಗೆಯೋಕೆ ಸುಲಭ ಅಂದ್ರು. ನಾನು ಹೆಂಗಿದ್ರೂ ತಿಂಗಳಿಗೊಂದ್ಸಲ ಅಕ್ಕಿಬೇಳೆಗೆ ವಿಚಿಟಾಕ್ಕೆ ಹೋಗೋನು, ನಾನೇ ತರ್ತೀನಿ ಅಂದೆ.

ದಾರೀಲಿ ಗ್ರೀನ್ಸ್‌ಬರ್ಗ್ ಸಿಗುತ್ತೆ, 2007ರ ಮೇ 4ರ ರಾತ್ರಿ ಟೊರ್ನಾಡೋ ಬಂದು ಇಡೀ ಊರು ನೆಲ ಸಮ ಆಗಿ ಮತ್ತೆ ಕಟ್ಟಿದ ಊರು, ಅಲ್ಲಿ ಕೈಯಲ್ಲೇ ತೋಡಿದ 109 ಅಡಿ ಆಳದ ಬಾವಿ ಒಂದಿದೆ, ಅದರ ಹತ್ರ ಕಾರ್ ನಿಲ್ಸಿ ಚಿತ್ರಾನ್ನ ತಿಂದೆ. ವಿಚಿಟಾದ ಫೆಡರಲ್ ಕೋರ್ಟ್‌ಹೌಸ್ ಬಾಗಿಲಲ್ಲಿ ಏರ್‌ಪೋರ್ಟ್ ಥರ ಬೆಲ್ಟು ಶೂ ಎಲ್ಲಾ ನೋಡಿದ್ರು, ಬ್ಯಾಗಲ್ಲಿದ್ದ ಸ್ಟೀಲ್ ಡಬ್ಬಿ ಎರಡು ಸಲ ಮಿಷನ್ ಒಳಗೆ ಹೋಗಿ ಬಂತು. ಕ್ಲರ್ಕ್ ಆಫೀಸಲ್ಲಿ ಸಾರ್ವಜನಿಕರಿಗೆ ಅಂತ ಕಂಪ್ಯೂಟರ್ ಇಟ್ಟಿರ್ತಾರೆ, ಅದರಲ್ಲಿ ನೋಡೋದು ಪುಕ್ಕಟೆ, ಪ್ರಿಂಟಿಗೆ ಪೇಜಿಗೆ 10 ಸೆಂಟ್. ಅವರೇ ತೆಗೆದುಕೊಟ್ರೆ 50 ಸೆಂಟ್. ಸೀಲ್ ಹಾಕಿ ಸರ್ಟಿಫೈ ಮಾಡೋಕೆ 12 ಡಾಲರ್. ಹತ್ತು ನಿಮಿಷದಲ್ಲಿ ಕೊಟ್ರು, ನಮ್ಮ ಕಡೆ ನಕಲು ಅರ್ಜಿ ಹಾಕಿ ವಾರಗಟ್ಟಲೆ ಓಡಾಡಿದೋನಿಗೆ ನಂಬೋಕೇ ಆಗ್ಲಿಲ್ಲ.

1987ರದ್ದು? ಅಂತ ಕೇಳಿದೆ, ಚಪಲ. ಅದು ಕಂಪ್ಯೂಟರ್ ಬರೋಕೆ ಮುಂಚಿನ ಕಾಗದ, ಅಂಥವು ಇಲ್ಲಿಂದ ಫೆಡರಲ್ ರೆಕಾರ್ಡ್ಸ್ ಸೆಂಟರಿಗೆ ಹೋಗಿರುತ್ತೆ, ಉಳಿದಿದ್ರೆ ತರಿಸಬಹುದು, ಮೊದಲನೇ ಡಬ್ಬಕ್ಕೆ 70 ಡಾಲರ್, ಟ್ರಾನ್ಸ್‌ಫರ್ ನಂಬರ್ ಬಾಕ್ಸ್ ನಂಬರ್ ನಾವು ಹುಡುಕಿ ಕೊಡ್ತೀವಿ ಅಂದ್ರು. ಡಬ್ಬ ಅಂದಾಗ ನಿಜವಾಗ್ಲೂ ರಟ್ಟಿನ ಡಬ್ಬ. ಎಪ್ಪತ್ತು ಡಾಲರ್ ಪರ್ಸಲ್ಲಿತ್ತು. ನಾಯಿ ಬೆಲೆ ಸೊನ್ನೆ ಅಂತ ಓದಿ ಆಗಿತ್ತಲ್ಲ, ಇನ್ನು ಹಸು ಎಷ್ಟು ಟ್ರ್ಯಾಕ್ಟರ್ ಎಷ್ಟು ಅಂತ ಓದೋದು ಬೇಡ ಅನ್ನಿಸಿ ಥ್ಯಾಂಕ್ಸ್ ಹೇಳಿ ಬಂದುಬಿಟ್ಟೆ. ಬರ್ತಾ ಸೋನಾ ಮಸೂರಿ ಎರಡು ಮೂಟೆ, ಬ್ಯಾಡಗಿ ಮೆಣಸಿನಕಾಯಿ ಸಿಗ್ಲಿಲ್ಲ.

ಆ ಹಳೇ ಮಾರ್ಟ್‌ಗೇಜ್ ಕೊಟ್ಟಿದ್ದ ಬ್ಯಾಂಕನ್ನ ಇನ್ನೊಂದು ಬ್ಯಾಂಕ್ ನುಂಗಿತ್ತು, ಅದನ್ನ ಮತ್ತೊಂದು. ತಾತನ ವಕೀಲರು ಅವರನ್ನ ಹಿಡಿದು ಮಾತಾಡಿ ಅಸಲಿನಲ್ಲಿ ಒಂದು ಭಾಗಕ್ಕೆ ಒಪ್ಪಿಸಿದ್ರು, ಮನೆ ನಮ್ಮ ಹೆಸರಿಗಾಗೋ ಕ್ಲೋಸಿಂಗ್ ದಿನ ನಾನು ಕೊಟ್ಟ ದುಡ್ಡಿಂದಲೇ ಅದು ಹೋಯ್ತು, ರಿಲೀಸ್ ಕೌಂಟೀಲಿ ದಾಖಲಾಯ್ತು. ತಾತ ಸಹಿ ಹಾಕೋವಾಗ, ಇದೆಲ್ಲ 2011ರಲ್ಲೇ ಮುಗೀತು ಅಂದ್ಕೊಂಡಿದ್ದೆ ಅಂತ ಒಂದೇ ಮಾತಂದ್ರು. ಅಪ್ಪನಿಗೆ ರಿಲೀಸಿನ ಫೋಟೋ ಕಳಿಸಿದೆ, ಸೀಲು ಎಲ್ಲಿದೆ ಸರಿಯಾಗಿ ಕಾಣ್ತಿಲ್ಲ ಇನ್ನೊಂದು ತೆಗಿ ಅಂದ್ರು.

ಕೀ ಕೊಡೋ ದಿನ ತಾತ ಶೆಡ್ ತೋರಿಸಿದ್ರು. ಮೂಲೇಲಿ ರೈಡಿಂಗ್ ಮೋವರ್. ಸೀಟಿಗೆ ಬೆಳ್ಳಿ ಬಣ್ಣದ ಡಕ್ಟ್ ಟೇಪ್ ಸುತ್ತಿತ್ತು, ಅದರ ಮೇಲೆ ಇನ್ನೊಂದು ಸುತ್ತು. 'ಇದನ್ನ ಕೊಲರಾಡೋಕ್ಕೆ ಒಯ್ಯೋಕಾಗಲ್ಲ, ಬೇಕಿದ್ರೆ ನೀನೇ ಇಟ್ಕೋ, ಮುನ್ನೂರು ಡಾಲರ್ ಕೊಡು, ಒಳ್ಳೇ ಗಾಡಿ' ಅಂದ್ರು. ಪ್ರಮಾಣ ಮಾಡಿ ನೂರೈವತ್ತು ಅಂತ ಬರೆದಿದ್ರಿ ತಾತ, ಅದೂ ಹದಿಮೂರು ವರ್ಷದ ಹಿಂದೆ ಅಂತ ನಾಲಿಗೆ ತುದೀಲಿತ್ತು. ಪರ್ಸ್ ತೆಗೆದು ಇಪ್ಪತ್ತರ ಹದಿನೈದು ನೋಟು ಎಣಿಸಿ ಕೊಟ್ಟೆ, ಅವರೂ ಎಣಿಸ್ಕೊಂಡ್ರು.